ಬಿದಿಗೆ ಇಲ್ಲದ ಭಾನುವಾರ

ಕಾರವಾರದ ಕೋಡಿಬಾಗದಲ್ಲಿ ನಾನೀಗ ವಾಸವಾಗಿರುವ ಮನೆಯ ಹಿತ್ತಲಿನಾಚೆ ಹೋದ ತಿಂಗಳು ಯಾರೋ ಬೆಳಚು ಬೇಯಿಸುತ್ತಿದ್ದರು. ಹೊಳೆಯ ಮರಳಿನಲ್ಲಿ ಹೂತಿರುವ ಈ ಚಿಪ್ಪುಜೀವಿಯನ್ನು ಒಲೆಯ ಮೇಲಿಟ್ಟಾಗ ಮೊದಲು ಉಪ್ಪುನೀರಿನ ಹಬೆ ಏಳುತ್ತದೆ. ಆಮೇಲೆ ಚಿಪ್ಪುಗಳು ಒಂದೊಂದಾಗಿ ಬಾಯಿ ತೆರೆಯುತ್ತ ಪಾತ್ರೆಯ ಬದಿಗೆ ಟಕ್ ಎಂದು ತಾಗುತ್ತವೆ. ಕಿಟಕಿಯ ಬಳಿ ಕುಳಿತು ಹಳೆಯ ವರದಿಯೊಂದರ ಅಡಿಟಿಪ್ಪಣಿ ತಿದ್ದುತ್ತಿದ್ದ ನಾನು ಪೆನ್ನು ಕೆಳಗಿಟ್ಟು ಆ ಸದ್ದನ್ನು ಎಣಿಸತೊಡಗಿದೆ. ಒಂದು. ತುಸು ಹೊತ್ತಿನ ನಂತರ ಇನ್ನೊಂದು. ಎರಡು ಒಟ್ಟಿಗೆ ಕೇಳಿದಾಗ ನನಗೇ ತಿಳಿಯದಂತೆ ಎದ್ದು ನಿಂತಿದ್ದೆ.

ಎದ್ದು ನಿಂತದ್ದು ಮಂಜಗುಣಿಯಲ್ಲಿ ಕಳೆದ ಒಂದು ಚಳಿಗಾಲದ ಅಭ್ಯಾಸದಿಂದ. ಅದು ಯಾವ ವರ್ಷದ್ದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರು ಹಾಕಿ ತಂಡಗಳ ಪಟ್ಟಿ ತೆರೆದು ಒಬ್ಬ ಗೋಲ್‌ಕೀಪರಳ ಹೆಸರನ್ನು ಹುಡುಕಬಲ್ಲರು. ಅದಕ್ಕೆ ಅವಳ ಒಪ್ಪಿಗೆಯಿಲ್ಲ. ಅವಳನ್ನು ನಾಗವೇಣಿ ಎಂದು ಕರೆಯುತ್ತೇನೆ. ಉಳಿದಂತೆ ತಿಥಿ, ವಾರ, ವೇಳೆಗಳನ್ನು ಮೂರು ಮೂಲಗಳಿಂದ ತಾಳೆ ನೋಡಿದ್ದೇನೆ: ನನ್ನ ಟಿಪ್ಪಣಿ ಪುಸ್ತಕ, ಬಂದರಿನ ಉಬ್ಬರವಿಳಿತದ ಕೋಷ್ಟಕ ಮತ್ತು ಆ ವರ್ಷದ ಪಂಚಾಂಗ. ಮೂರನೆಯದನ್ನು ಆಗಲೇ ತೆರೆದು ನೋಡಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಜಲಜೀವಿ ಸಂಶೋಧಕನಾಗಿ ನಿವೃತ್ತಿಗೆ ಮೊದಲಿನ ನನ್ನ ಕೊನೆಯ ಕೆಲಸ ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ ಬೆಳಚಿನ ಎಣಿಕೆ. ಮಂಜಗುಣಿಯ ದಂಡೆಯಲ್ಲೊಂದು ಕೋಣೆ ಹಿಡಿದು ಕಾರ್ತಿಕದಿಂದ ಮಾಘದವರೆಗೆ ಇದ್ದೆ. ಹೊಳೆಯ ನಡುವೆ ಒಂದು ಮರಳ ದಿಬ್ಬವಿದೆ. ನೀರು ಇಳಿದಾಗ ಮಾತ್ರ ಕಾಣಿಸುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ನಂತರ ತದಿಗೆಯಿಂದ ಮೂರು ದಿನ ಬೆಳಗಿನ ಇಳಿತ ಹೊತ್ತು ಮೂಡುವ ಸಮಯಕ್ಕೆ ಬರುತ್ತದೆ. ಆ ದಿನಗಳಲ್ಲಿ ಊರಿನ ಹತ್ತು ಹನ್ನೆರಡು ಹೆಂಗಸರು ಬುಟ್ಟಿ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ದಾಟಿ ದಿಬ್ಬಕ್ಕೆ ಹೋಗುತ್ತಿದ್ದರು. ಬಿದಿಗೆಯ ದಿನ ಯಾರೂ ಹೋಗುತ್ತಿರಲಿಲ್ಲ. ಆ ದಿನದ ಇಳಿತ ಕತ್ತಲಲ್ಲೇ ಮುಗಿಯುತ್ತದೆ. ಅವರ ಪಂಚಾಂಗಕ್ಕೆ ವಾರಗಳಿರಲಿಲ್ಲ. ಸೋಮವಾರವೋ ಬುಧವಾರವೋ ಎಂದು ಅವರು ಯಾವತ್ತೂ ನನ್ನನ್ನು ಕೇಳಲಿಲ್ಲ.

ಹೋಗುವಾಗ ಆಕಾಶ ನಿರ್ಮಲವಾಗಿರುತ್ತಿತ್ತು. ಹೊತ್ತು ಮೂಡುತ್ತಿದ್ದಂತೆ ಹೊಳೆಯಿಂದ ಮಂಜು ಏಳುತ್ತಿತ್ತು. ನೋಡುತ್ತಿದ್ದಂತೆಯೇ ದಂಡೆ ಅಳಿಸಿಹೋಗುತ್ತಿತ್ತು. ಆಮೇಲೆ ಪಕ್ಕದಲ್ಲಿ ಬಗ್ಗಿದ ಹೆಂಗಸು. ಆಮೇಲೆ ನಮ್ಮದೇ ಪಾದಗಳು. ಮರಳುವ ದಾರಿ ಒಂದೇ, ಅಗಲ ಎರಡು ಮಾರು. ಆಚೀಚೆ ಆಳ. ಹೀಗಾಗಿ ದಂಡೆಯ ತುದಿಯಲ್ಲಿ, ಆ ದಾರಿಗೆ ನೇರವಾಗಿ, ಮುರಿದ ದೋಣಿಯ ಹಲಗೆಯೊಂದನ್ನು ನಿಲ್ಲಿಸಿದ್ದರು. ಮಂಜು ಕವಿದಾಗ ಒಬ್ಬರು ಅದನ್ನು ಬಡಿಯಬೇಕು. ಬಿಡಿ ಬಿಡಿಯಾಗಿ ಬಡಿದರೆ ದಂಡೆ ಇತ್ತ ಇದೆ ಎಂದು. ಜೋಡಿಯಾಗಿ ಬಡಿದರೆ ಭರತ ತಿರುಗಿತು, ನೀರು ಏರುತ್ತಿದೆ, ಇದ್ದದ್ದನ್ನು ಬಿಟ್ಟು ಬನ್ನಿ ಎಂದು.

ಹಲಗೆ ಬಡಿಯುವವಳು ನಾಗವೇಣಿ. ಆಗ ಅವಳಿಗೆ ಹತ್ತೊಂಬತ್ತು. ಅವಳ ತಾಯಿ ಕಮಲಿ ಒಂಬತ್ತು ಚಳಿಗಾಲಗಳ ಹಿಂದೆ ಅದೇ ಹಲಗೆಯ ಬಳಿ ನಿಂತಿದ್ದವಳು. ಒಂದು ಬೆಳಿಗ್ಗೆ ಯಾರೋ ಒಬ್ಬಳು ಇನ್ನೂ ಬಂದಿಲ್ಲವೆಂದು ಬಡಿತ ನಿಲ್ಲಿಸಿ ನೀರಿಗಿಳಿದಳು. ಬಾರದಿದ್ದವಳು ಬಂದಳು, ಕಮಲಿ ಬರಲಿಲ್ಲ, ಸಿಗಲೂ ಇಲ್ಲ. ಮುಂದಿನ ತದಿಗೆಗೆ ಹತ್ತು ವರ್ಷದ ಹುಡುಗಿ ಬಂದು ಹಲಗೆಯ ಮುಂದೆ ನಿಂತಳಂತೆ. ಯಾರೂ ಅವಳಿಗೆ ನಿಲ್ಲೆಂದು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಅಂದಿನಿಂದ ಹೆಂಗಸರು ಒಂದು ಮಾತನ್ನು ಪಾಲಿಸುತ್ತ ಬಂದಿದ್ದರು: ಬಡಿಯುತ್ತಿರುವವರು ಯಾರೆಂದು ಗೊತ್ತಿಲ್ಲದಿದ್ದರೆ ಆ ಸದ್ದಿನ ಕಡೆಗೆ ಹೆಜ್ಜೆ ಇಡಬಾರದು. ಇದನ್ನು ನನಗೆ ಹೇಳಿದವಳು ಕಮಲಿಯ ನಾದಿನಿ, ಹೆಂಗಸರ ಗುಂಪಿಗೆ ಹಿರಿಯಳಾದ ಗಿರಿಜಕ್ಕ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಹೊಳೆಯನ್ನೂ ನೋಡಲಿಲ್ಲ.

ನಾಗವೇಣಿ ಹಲಗೆಯನ್ನು ಕೈಯಿಂದ ಬಡಿಯುತ್ತಿರಲಿಲ್ಲ. ಹೊನ್ನೆ ಮರದ ಬಾಗಿದ ಬೇರೊಂದನ್ನು ಕೋಲಿನಂತೆ ಹಿಡಿದು, ಬಲೆಗೆ ಕಟ್ಟುವ ಗಟ್ಟಿ ತೇಲುಗುಂಡನ್ನು ಹತ್ತು ಹೆಜ್ಜೆ ದೂರದಿಂದ ಹಲಗೆಗೆ ಹೊಡೆಯುತ್ತಿದ್ದಳು. ಹೊಡೆದ ಗುಂಡು ಮಂಜಿನೊಳಗೆ ಮಾಯವಾಗುತ್ತಿತ್ತು, ಟಪ್ ಎನ್ನುತ್ತಿತ್ತು, ಮತ್ತೆ ಮಂಜಿನಿಂದಲೇ ಹೊರಬಿದ್ದು ಅವಳ ಕಾಲ ಬಳಿ ಬರುತ್ತಿತ್ತು. ಅವಳು ಅದನ್ನು ಕೋಲಿನಿಂದಲೋ ಪಾದದಿಂದಲೋ ತಡೆಯುತ್ತಿದ್ದಳು. ಒಂಬತ್ತು ಚಳಿಗಾಲ ಹಾಗೆ ಬೇಸರ ಕಳೆದವಳು. ಹೀಗಾಗಿ ಅವಳ ಬಡಿತಕ್ಕೆ ಒಂದು ಬಾಲವಿತ್ತು: ಟಪ್, ಆಮೇಲೆ ಗುಂಡನ್ನು ತಡೆದಾಗಿನ ಒಂದು ಸಣ್ಣ ಕರ್. ದಿಬ್ಬದ ಮೇಲೆ ನಿಂತರೂ ಅದು ಕೇಳುತ್ತಿತ್ತು.

ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ಸ್ನೇಹಿತ ಚಂಗಪ್ಪ ಕೊಡಗಿನವರು. ಹರೆಯದಲ್ಲಿ ಹಾಕಿ ಆಡಿದವರು, ಅಲ್ಲಿಯ ಹುಡುಗಿಯರಿಗೆ ಸಂಜೆ ಆಟ ಕಲಿಸುತ್ತಿದ್ದರು. ಮಾರ್ಗಶಿರದ ಒಂದು ಬೆಳಿಗ್ಗೆ ನನ್ನನ್ನು ನೋಡಲು ಬಂದವರು ದಂಡೆಯಲ್ಲಿ ಆ ಸದ್ದು ಕೇಳಿ ಚಹದ ಲೋಟ ಕೆಳಗಿಟ್ಟರು. ಮಂಜಿನಲ್ಲಿ ಅವಳ ಹಿಂದೆ ಹೋಗಿ ನಿಂತು ಬಹಳ ಹೊತ್ತು ನೋಡಿದರು. ಕಾಣದ ಚೆಂಡನ್ನು ಹೇಗೆ ತಡೆಯುತ್ತೀ ಎಂದು ಕೊನೆಗೆ ಕೇಳಿದರು.

ಅವಳು ತಿರುಗಲಿಲ್ಲ. “ಎಲ್ಲಿ ತಾಗ್ತು ಅಂತ ಕೇಳ್ತದಲ್ಲ. ಬರುದೂ ಅಲ್ಲಿಂದ್ಲೇ.”

ಚಂಗಪ್ಪ ವಾರಕ್ಕೊಮ್ಮೆ ಬರತೊಡಗಿದರು. ನಿಜವಾದ ಚೆಂಡು, ಕಾಲಿನ ಪ್ಯಾಡು, ಹಳೆಯ ಹೆಲ್ಮೆಟ್ಟು ತಂದರು. ಗೋಲ್‌ಕೀಪರ್‌ಗೆ ಮುಂದೆ ನಿಂತವರ ಕಾಲುಗಳು ಅಡ್ಡ ಬಂದು ಚೆಂಡು ಕಾಣದೆ ಹೋಗುವ ಕ್ಷಣಗಳೇ ಕಠಿಣ; ಅದನ್ನು ಕಲಿಸಲು ತಮಗೆ ಸಾಧ್ಯವಾಗಿಲ್ಲ, ಇವಳಿಗೆ ಕಲಿಸಬೇಕಾಗಿಯೇ ಇಲ್ಲ ಎಂದರು. ಆದರೆ ಕ್ರೀಡಾ ಹಾಸ್ಟೆಲ್ಲಿನ ವಯಸ್ಸು ಎಂದೋ ದಾಟಿತ್ತು. ಶಾಲೆಯಲ್ಲಿದ್ದಾಗ ಒಮ್ಮೆ ಓಟದ ಸ್ಪರ್ಧೆಗೆ ಹೆಸರು ಬಂದಾಗಲೂ ಅದು ತದಿಗೆಯ ದಿನವೆಂದು ಅವಳು ಹೋಗಿರಲಿಲ್ಲ. ಉಳಿದದ್ದು ಒಂದೇ ದಾರಿ. ಚಂಗಪ್ಪನವರ ಜೊತೆ ಹಿಂದೆ ಆಡಿದ್ದವರೊಬ್ಬರು ಈಗ ವೃತ್ತಿಪರ ಲೀಗಿನ ತಂಡವೊಂದಕ್ಕೆ ತರಬೇತುದಾರರು. ಗೋವೆಗೆ ಹೋಗುವ ಹಾದಿಯಲ್ಲಿ ಒಂದು ಬೆಳಿಗ್ಗೆ ಮಾತ್ರ ಕಾರವಾರದಲ್ಲಿ ಇಳಿದು ಮಲ್ಲಾಪುರದ ಹುಡುಗಿಯರ ಆಟ ನೋಡುವವರಿದ್ದರು. ಅಭ್ಯಾಸಕ್ಕೆ ಸೇರಿಸಿಕೊಳ್ಳಲು ಒಬ್ಬ ಗೋಲ್‌ಕೀಪರ್ ಬೇಕಿತ್ತು. ಆ ಬೆಳಿಗ್ಗೆ ತಪ್ಪಿದರೆ ಮತ್ತೊಂದು ಇರಲಿಲ್ಲ.

ಸಂದೇಶ ನನ್ನ ಫೋನಿಗೆ ಬಂತು: ಪುಷ್ಯದ ಅಮಾವಾಸ್ಯೆ ಕಳೆದು ಬರುವ ಭಾನುವಾರ. ನಾಗವೇಣಿಗೆ ಹೇಳಿದೆ. ಅವಳು ಅಲ್ಲೇ ಬೆರಳು ಮಡಚಿದಳು. “ಶುಕ್ರವಾರ ಅಮಾಸೆ. ಶನಿವಾರ ಪಾಡ್ಯ, ಭಾನುವಾರ ಬಿದಿಗೆ. ಅಡ್ಡಿಲ್ಲ ಮಾಸ್ತರ್ರೇ, ಹೋಗುಕೆ ಬರ್ತದೆ.”

ಆಮೇಲೆ ಗಿರಿಜಕ್ಕನ ಅಂಗಳಕ್ಕೆ ಹೋಗಿ, ಬಿದಿಗೆ ದಿನ ತಾನು ಇರುವುದಿಲ್ಲವೆಂದು ತಿಳಿಸಿದಳು. ಗಿರಿಜಕ್ಕ ಬೆಳಚು ತೊಳೆಯುತ್ತಲೇ, ಬಿದಿಗೆಗೆ ನಾವೂ ಹೋಗುದಿಲ್ಲ, ನಿನ್ನ ಹಲಗಿ ಯಾರಿಗೆ ಬೇಕು ಎಂದಳು. ಹುಡುಗಿ ಹೋದ ಮೇಲೆ ನನ್ನ ಕಡೆ ತಿರುಗಿ ನಕ್ಕಳು. “ಚೆಂಡು ತಡ್ದ್ರೆ ಪಗಾರ ಕೊಡ್ತ್ರಂತೆ. ನಾವು ಇಷ್ಟ್ ವರ್ಷ ಹೊಳೀನೇ ತಡ್ಕಂಡು ಬಂದೆವು, ಯಾರೂ ಕೊಡ್ಲಿಲ್ಲ.”

ನನ್ನೆದುರು ವಾರದ ಹೆಸರು ಬಂತು. ಗಿರಿಜಕ್ಕನೆದುರು ತಿಥಿಯ ಹೆಸರು ಬಂತು. ಎರಡನ್ನೂ ಕೇಳಿದವನು ನಾನೊಬ್ಬನೇ. ಪಂಚಾಂಗ ನನ್ನ ಮೇಜಿನ ಮೇಲೆಯೇ ಇತ್ತು. ಕೆಲವೊಮ್ಮೆ ಒಂದು ತಿಥಿ ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನ ಸೂರ್ಯೋದಯಕ್ಕೆ ಮೊದಲೇ ಮುಗಿಯುತ್ತದೆ. ಆಗ ಆ ತಿಥಿಗೆ ತನ್ನದೆಂಬ ದಿನವೇ ಇರುವುದಿಲ್ಲ. ಕ್ಷಯ ತಿಥಿ ಎನ್ನುತ್ತಾರೆ. ಆ ಪಕ್ಷದಲ್ಲಿ ಬಿದಿಗೆ ಹಾಗೆ ಬಿದ್ದುಹೋಗಿತ್ತು. ಶನಿವಾರ ಪಾಡ್ಯ, ಭಾನುವಾರ ತದಿಗೆ. ಆಮೇಲೆ ದೇವಸ್ಥಾನದ ಭಟ್ಟರಿಂದ ಹೆಂಗಸರಿಗೆ ಅದು ತಿಳಿಯಿತು; ಬಿದಿಗೆಯೇ ಇಲ್ಲದ ಮೇಲೆ ಹುಡುಗಿ ಹೋಗುವುದೂ ಇಲ್ಲವೆಂದುಕೊಂಡರು. ನಾಗವೇಣಿಗೆ ತಿಳಿದಿರಲಿಲ್ಲ. ನನಗೆ ತಿಳಿಯಬೇಕಿತ್ತು.

ಶನಿವಾರ ಮಧ್ಯಾಹ್ನ ಅವಳು ಕಾರವಾರಕ್ಕೆ ಹೋದಳು. ಅವಳಿದ್ದುದು ದಂಡೆಯ ತುದಿಯ ಮನೆಯಲ್ಲಿ, ಕಿವಿ ಮಂದವಾದ ಅಜ್ಜಿಯ ಜೊತೆ. ಹೋದದ್ದು ಊರಿನಲ್ಲಿ ಬೇರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಅಂಕೋಲೆಗೆ ಹೋಗಿದ್ದವನು ಸಂಜೆ ಮರಳಿದಾಗ, ಬೆಳಿಗ್ಗೆ ತದಿಗೆ, ದಿಬ್ಬಕ್ಕೆ ಹೋಗುವುದಿದೆ ಎಂದು ಗಿರಿಜಕ್ಕ ಹೇಳಿಕಳಿಸಿದ್ದಳು. ದಣಿದಿದ್ದೆ, ಯೋಚಿಸಲಿಲ್ಲ.

ಭಾನುವಾರ ಬೆಳ್ಳನೆ ಬೆಳಕಾಗುವಾಗ ಹನ್ನೊಂದು ಹೆಂಗಸರ ಹಿಂದೆ ನೀರು ದಾಟಿದೆ. ಫೋನು ಒದ್ದೆಯಾದೀತೆಂದು ಕೋಣೆಯಲ್ಲೇ ಬಿಟ್ಟಿದ್ದೆ. ಎಣಿಕೆಯ ಚೌಕಟ್ಟನ್ನು ಮರಳಿನ ಮೇಲಿಟ್ಟಾಗ ಮಂಜು ಏಳುತ್ತಿತ್ತು. ಪದ್ಧತಿಯಂತೆ ಪುಟದ ತಲೆಯಲ್ಲಿ ಬರೆದೆ: ಭಾನುವಾರ, ಶುದ್ಧ ತದಿಗೆ.

ಎರಡು ಪದಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿದ್ದವು. ನನ್ನ ಕೈ ಅಲ್ಲೇ ನಿಂತಿತು. ಆ ಪುಟದಲ್ಲಿ ಅಲ್ಪವಿರಾಮದ ಬಳಿ ಶಾಯಿ ಹರಡಿದ ಗುರುತು ಇಂದಿಗೂ ಇದೆ.

ತಲೆಯೆತ್ತಿದಾಗ ಯಾರೂ ಇರಲಿಲ್ಲ. ಬಿಳಿಯ ಹೊರತು ಏನೂ ಇರಲಿಲ್ಲ. ಬುಟ್ಟಿಗಳಿಗೆ ಬೆಳಚು ಬೀಳುವ ಸದ್ದು ಸುತ್ತಲೂ ಕೇಳುತ್ತಿತ್ತು, ಎಷ್ಟು ದೂರದಿಂದ ಎಂದು ಹೇಳಲಾಗದಂತೆ. ನಾನು ಗಿರಿಜಕ್ಕನನ್ನು ಕೂಗಿದೆ. ಅವಳು ಮಂಜಿನಿಂದ ಒಮ್ಮೆಲೇ, ಕೈಗೆ ತಾಗುವಷ್ಟು ಹತ್ತಿರದಲ್ಲಿ ಮೂಡಿದಳು. ನಾಗವೇಣಿ ಕಾರವಾರದಲ್ಲಿದ್ದಾಳೆ, ದಂಡೆಯಲ್ಲಿ ಯಾರೂ ಇಲ್ಲ ಎಂದು ಹೇಳಿದೆ. ಅವಳ ಮುಖದಲ್ಲಿ ನಾನು ನಿರೀಕ್ಷಿಸಿದ ಗಾಬರಿ ಕಾಣಲಿಲ್ಲ. ನಾನೇನೋ ಹುಚ್ಚು ಮಾತಾಡಿದೆನೆಂಬಂತೆ ನೋಡಿದಳು.

“ಹಲಗಿ ಬಡೀತೇ ಅದ್ಯಲ್ಲ ಮಾಸ್ತರ್ರೇ.”

ಆಗ ನನಗೂ ಕೇಳಿತು. ಟಪ್. ವಾಯವ್ಯದಿಂದ, ಹಲಗೆ ಇರಬೇಕಾದ ದಿಕ್ಕಿನಿಂದಲೇ. ಎಂದಿನಷ್ಟು ಗಟ್ಟಿಯಾಗಿರಲಿಲ್ಲ, ಆದರೆ ಎಂದಿಗಿಂತ ಸ್ಪಷ್ಟವಾಗಿತ್ತು. ನೀರಿನ ಮೇಲಿಂದ ಬಂದಂತಿರಲಿಲ್ಲ, ಮರಳಿನೊಳಗಿಂದ ಪಾದದ ಮೂಲಕ ಏರಿದಂತಿತ್ತು. ದಿಕ್ಸೂಚಿ, ಕೈಗಡಿಯಾರ ನೋಡಿ ದಿಕ್ಕು, ವೇಳೆ ಬರೆದುಕೊಂಡೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಬಂದು ಸೇರಿದರು. ವಿಷಯ ತಿಳಿದು ಬುಟ್ಟಿಗಳನ್ನು ಕೆಳಗಿಟ್ಟರು. ಒಬ್ಬಳು, ಹಾಗಾದ್ರೆ ಅದು ಕಮಲಿ ಎಂದಳು, ಬಹಳ ಸಾಮಾನ್ಯವಾದ ಧ್ವನಿಯಲ್ಲಿ. ಯಾರೂ ಹೆಜ್ಜೆ ಇಡಲಿಲ್ಲ. ಸದ್ದು ಬರುತ್ತಲೇ ಇತ್ತು. ಹಿಮ್ಮಡಿಯ ಸುತ್ತ ನೀರು ನಿಶ್ಚಲವಾಯಿತು, ಇಳಿತ ಮುಗಿದಿತ್ತು. ಏಳು ಗಂಟೆ ಒಂಬತ್ತು ನಿಮಿಷಕ್ಕೆ ಬಡಿತ ಜೋಡಿಯಾಯಿತು.

ಗಿರಿಜಕ್ಕ ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ಕೇಳಿದಳು. ಎಷ್ಟು ಹೊತ್ತೆಂದು ನಾನು ಬರೆದುಕೊಂಡಿಲ್ಲ. ಅಷ್ಟರಲ್ಲಿ ನೀರು ನಮ್ಮ ಪಾದ ಮುಚ್ಚಿತ್ತು.

“ಬಡೀತದೆ, ಮತ್ತೆ ತಡೀತದೆ,” ಎಂದಳು. “ಕಮಲಿ ತಡೀತಿರ್ಲಿಲ್ಲ. ಇದು ನಮ್ಮ ನಾಗುನೇ. ಎಲ್ಲಿದ್ರೂ ಇರ್ಲಿ. ನಡೀರಿ.”

ಅವಳು ಮುಂದೆ, ಒಬ್ಬರ ಸೆರಗು ಒಬ್ಬರು ಹಿಡಿದು ಉಳಿದವರು, ಕೊನೆಯಲ್ಲಿ ನಾನು. ಸೊಂಟದವರೆಗೆ ನೀರು ಬಂದಿತ್ತು. ಯಾರ ಕಾಲೂ ತಪ್ಪಲಿಲ್ಲ. ನೆಲ ಏರತೊಡಗಿದಾಗ ಸದ್ದು ನಿಂತಿತು. ಎದುರಿಗೇ ಹಲಗೆ ನಿಂತಿತ್ತು.

ನಾನು ಅದನ್ನು ಪರೀಕ್ಷಿಸಿದೆ. ನನ್ನ ವೃತ್ತಿ ಅದು. ಹಲಗೆಯ ಮೇಲೆ ಇಬ್ಬನಿ ಅಂಟಿತ್ತು, ಒಂದು ಹನಿಯೂ ಕದಡಿರಲಿಲ್ಲ. ಬುಡದ ಮರಳಿನಲ್ಲಿ ಏಡಿಗಳ ಗೆರೆಗಳ ಹೊರತು ಗುರುತಿರಲಿಲ್ಲ. ಗಿರಿಜಕ್ಕ ಕೈಯಿಂದ ಇಬ್ಬನಿ ಒರೆಸಿ, ಹಲಗೆಯನ್ನು ಮೆಲ್ಲಗೆ ತಟ್ಟಿದಳು, ಮಲಗಿದ ದನದ ಬೆನ್ನು ತಟ್ಟುವಂತೆ. ಮನೆಯೊಳಗೆ ಅಜ್ಜಿ ಗಂಜಿಗೆ ಬೆಂಕಿ ಊದುತ್ತಿದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ.

ಸಂಜೆಯ ಬಸ್ಸಿಗೆ ನಾಗವೇಣಿ ಬಂದಳು. ದಾರಿಯಲ್ಲೇ ಓಡತೊಡಗಿದವಳು ಗಿರಿಜಕ್ಕನ ಅಂಗಳದಲ್ಲಿ ನಿಂತು ಕೇಳಿದ ಮೊದಲ ಮಾತು: “ಎಲ್ಲಾ ಬಂದ್ರಾ?”

“ಬಂದೆವು. ನೀ ಕರ್ದೆಯಲ್ಲ.”

ಹುಡುಗಿ ಜಗಲಿಯ ಮೇಲೆ ಕುಳಿತು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಆಯ್ಕೆಯ ವಿಷಯವನ್ನು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಕಾರವಾರದಲ್ಲಿ ನಡೆದದ್ದನ್ನು ಚಂಗಪ್ಪ ನನಗೆ ಹೇಳಿದ್ದು ಮುಂದಿನ ವಾರ. ಮೈದಾನ ಹೊತ್ತೇರಿದ ಮೇಲೆ ಕ್ರಿಕೆಟ್ಟಿನವರ ಪಾಲಾಗುತ್ತಿದ್ದುದರಿಂದ ಆರೂವರೆಗೇ ಶುರುಮಾಡಿದ್ದರಂತೆ. ಪ್ಯಾಡು ಕಟ್ಟಿಕೊಳ್ಳಲು ಕಾವಲುಗಾರನ ಕೋಣೆಗೆ ಹೋದ ನಾಗವೇಣಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ತದಿಗೆ ಎಂದಿರುವುದನ್ನು ನೋಡಿದಳು. ಪ್ಯಾಡು ಅರ್ಧ ಕಟ್ಟಿದಂತೆಯೇ ಹೊರಗೆ ಓಡಿಬಂದಳು. ನನ್ನ ಫೋನಿಗೆ ಮೂರು ಬಾರಿ ಕರೆ ಮಾಡಿಸಿದಳು. ಅದು ಖಾಲಿ ಕೋಣೆಯಲ್ಲಿ ಬಡಿದುಕೊಂಡಿತು. ಬಸ್ಸು ಹಿಡಿದರೂ ಭರತಕ್ಕೆ ಮೊದಲು ಮುಟ್ಟಲಾರಳು. ಆಗ ಅವಳು ಗೋಲಿನೊಳಗೆ ಹೋಗಿ, ಆಟಕ್ಕೆ ಬೆನ್ನು ಹಾಕಿ ನಿಂತಳು. ಹಾಕಿಯ ಗೋಲಿಗೆ ಹಿಂಬದಿಯಲ್ಲಿ, ಬಲೆಯ ಬುಡಕ್ಕೆ, ಮೊಣಕಾಲೆತ್ತರದ ಹಲಗೆಯಿರುತ್ತದೆ. ಅವಳು ಚೆಂಡನ್ನು ಅದಕ್ಕೆ ಹೊಡೆಯತೊಡಗಿದಳು. ಹೊಡೆಯುವುದು, ತಡೆಯುವುದು. ಬಂದಿದ್ದ ತರಬೇತುದಾರರು ಮೊದಲು ಕಾದರು, ಆಮೇಲೆ ನಕ್ಕರು, ಆಮೇಲೆ ಕೈಯಲ್ಲಿದ್ದ ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದರು. ಮಲ್ಲಾಪುರದ ಹುಡುಗಿಯರು ಇವಳಿಗೆ ತಲೆ ಕೆಟ್ಟಿದೆಯೆಂದು ಪಿಸುಗುಟ್ಟಿದರು.

“ಅವಳು ಮುಗಿಸಲಿ ಅಂದೆ,” ಎಂದರು ಚಂಗಪ್ಪ. “ಯಾಕೆ ಹಾಗಂದೆ ಅಂತ ನನಗೂ ಗೊತ್ತಿಲ್ಲ.”

ಬಡಿತ ಜೋಡಿಯಾದದ್ದನ್ನು ತರಬೇತುದಾರರು ತಮ್ಮ ಹಾಳೆಯ ಅಂಚಿನಲ್ಲಿ ಗುರುತು ಹಾಕಿದ್ದರು. ಏಳು ಗಂಟೆ ಎಂಟು ನಿಮಿಷ. ಕಾಲು ಗಂಟೆಯ ನಂತರ ಅವಳು ನಿಲ್ಲಿಸಿದಳು. ನೀರಿನಿಂದ ಎದ್ದವಳಂತೆ ಬೆವರಿದ್ದಳು. ಮುಂದಕ್ಕೆ ತಿರುಗಿ, ಇನ್ನು ಹೊಡೀರಿ ಎಂದಳು. ಹೊರಟು ನಿಂತಿದ್ದ ತರಬೇತುದಾರರು ಕಾರಿನ ಬಾಗಿಲು ಹಿಡಿದುಕೊಂಡೇ ನೋಡಿದರು. ಆಮೇಲೆ ಹುಡುಗಿಯರು ಹೊಡೆದ ಒಂದು ಚೆಂಡೂ ಹಲಗೆ ಮುಟ್ಟಲಿಲ್ಲ. ಹೆಸರಿನ ಮೇಲೆ ಎಳೆದ ಗೆರೆಯನ್ನು ತರಬೇತುದಾರರು ಅಳಿಸಲಿಲ್ಲ. ಕೆಳಗೆ ಅವಳ ಹೆಸರನ್ನು ಹೊಸದಾಗಿ ಬರೆದರು. ಆ ಹಾಳೆ ಈಗ ನನ್ನ ಬಳಿ ಇದೆ. ಎರಡು ಗಡಿಯಾರಗಳ ನಡುವೆ ಒಂದು ನಿಮಿಷದ ವ್ಯತ್ಯಾಸ ಅಸಹಜವಲ್ಲ. ದಿಕ್ಸೂಚಿಯಿಂದ ನಾನು ಬರೆದುಕೊಂಡ ವಾಯವ್ಯದ ರೇಖೆಯನ್ನು ನಕ್ಷೆಯ ಮೇಲೆ ಹಲಗೆಯಿಂದಾಚೆಗೂ ಎಳೆದು ನೋಡಬಾರದಿತ್ತು, ನೋಡಿದೆ. ಅಳತೆಪಟ್ಟಿ ಕಾರವಾರದವರೆಗೆ ಮುಟ್ಟಿತು.

ತಂಡ ಸೇರಲು ಹೋಗುವ ಮೊದಲು ನಾಗವೇಣಿ ಹಲಗೆಯನ್ನು ಗಿರಿಜಕ್ಕನ ಕೈಗೆ ಒಪ್ಪಿಸಿದಳು. ಮೊದಲ ವರ್ಷ ತಂಡದ ಅಭ್ಯಾಸಕ್ಕೆ ನಿಲ್ಲುವವಳಾಗಿ, ಮುಂದಿನ ವರ್ಷ ಮೀಸಲು ಗೋಲ್‌ಕೀಪರಾಗಿ, ಆಮೇಲೆ ಮೊದಲ ಹನ್ನೊಂದರಲ್ಲಿ ಆಡತೊಡಗಿದಳು. ಜಿಲ್ಲೆಯ ತಂಡಕ್ಕಾಗಲಿ ರಾಜ್ಯದ ತಂಡಕ್ಕಾಗಲಿ ಅವಳು ಆಡಿದ ದಾಖಲೆ ನನಗೆ ಸಿಕ್ಕಿಲ್ಲ. ಹುಡುಕಿದ್ದೇನೆ.

ಬೆಳಚಿನ ಸದ್ದು ಕೇಳಿದ ಮರುವಾರ ನಾನು ಮಂಜಗುಣಿಗೆ ಹೋದೆ. ಅಂದು ತದಿಗೆ, ಪಂಚಾಂಗ ನೋಡಿಕೊಂಡೇ ಹೋಗಿದ್ದೆ. ಸಂಜೆ ನಾಗವೇಣಿಯ ಪಂದ್ಯವಿತ್ತು. ಗಿರಿಜಕ್ಕನ ಅಂಗಳದಲ್ಲಿ ಅವಳ ಸೊಸೆ ಫೋನನ್ನು ನೀರಿನ ಕೊಡಕ್ಕೆ ಆನಿಸಿ ಇಟ್ಟಳು. ಗಿರಿಜಕ್ಕ ನೋಡುವುದಿಲ್ಲ, ಫೋನಿಗೆ ಬೆನ್ನು ಹಾಕಿ ಬಲೆಯ ಗಂಟು ಬಿಡಿಸುತ್ತ ಕೇಳುತ್ತಾಳೆ. ಚೆಂಡು ಹಲಗೆಗೆ ಬಡಿದರೆ ಅಲ್ಲಿ ಸೋಲು ಎಂದು ನಾನು ವಿವರಿಸಲು ಹೋದಾಗ, ಅದು ಅವ್ರ ಲೆಕ್ಕ ಎಂದಳು.

ಪ್ರತಿ ಪೆನಾಲ್ಟಿ ಕಾರ್ನರಿಗೆ ಮೊದಲು ನಾಗವೇಣಿ ಹಿಂದೆ ಸರಿದು ಕೋಲಿನಿಂದ ಹಲಗೆಯನ್ನು ಒಮ್ಮೆ ತಟ್ಟುತ್ತಾಳೆ. ವೀಕ್ಷಕ ವಿವರಣೆಗಾರರು ಅದನ್ನು ಅದೃಷ್ಟದ ನಂಬಿಕೆ ಎಂದರು. ಮೊದಲ ಕಾರ್ನರಿಗೆ ಒಂದು. ಎರಡನೆಯದಕ್ಕೆ ಒಂದು. ಮೂರನೆಯದಕ್ಕೆ ಎಲ್ಲರೂ ಸ್ಥಾನದಲ್ಲಿ ನಿಂತ ಮೇಲೆ ಅವಳು ಒಂದು ಕ್ಷಣ ಕಾದಳು. ಹೆಲ್ಮೆಟ್ಟು ತುಸು ಒಂದು ಬದಿಗೆ ವಾಲಿತು. ಟಪ್, ಟಪ್.

ಗಿರಿಜಕ್ಕ ಬಲೆ ಕೆಳಗಿಟ್ಟು ಎದ್ದಳು. ಹೊಳೆಯ ಬದಿಗೆ ಹೋಗಿ, ದಿಬ್ಬದ ಅಂಚಿನಲ್ಲಿ ಗಾಳ ಹಾಕಿ ನಿಂತಿದ್ದ ಮಗನನ್ನು ಕೂಗಿದಳು. “ಸಾಕೋ, ಬಾ. ತಿರುಗ್ತು.”

ನಾನು ಚೀಲದಿಂದ ಕೋಷ್ಟಕ ತೆಗೆದೆ. ಇಳಿತ ಮುಗಿಯಲು ಇನ್ನೂ ಹನ್ನೆರಡು ನಿಮಿಷವಿದೆಯೆಂದು ಅದರಲ್ಲಿತ್ತು. ದಂಡೆಗೆ ಹೋಗಿ ನೋಡಿದೆ. ಹಲಗೆಯ ಬುಡದ ನೀರಿನಲ್ಲಿ ನೊರೆಯ ಒಂದು ತುಣುಕು ಸುಮ್ಮನೆ ನಿಂತಿತ್ತು. ಆಮೇಲೆ ಮೆಲ್ಲಗೆ, ಹೊಳೆಯ ಮೇಲ್ಮುಖವಾಗಿ ಹೊರಟಿತು.

ಪೆನ್ಸಿಲಿನಿಂದ ಕೋಷ್ಟಕವನ್ನು ತಿದ್ದಿದೆ.